ಮುಚ್ಚಳ ಹಾಕದವನು

ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದವರು ಅದನ್ನು ಮತ್ತೆ ಡಬ್ಬಿಯ ಮೇಲೆಯೇ ಹಾಕಬೇಕು ಎನ್ನುವುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಅವಳ ಗಂಡನಿಗೆ ಮಾತ್ರ ಗೊತ್ತಿರಲಿಲ್ಲ. ಮುಚ್ಚಳವನ್ನು ಡಬ್ಬಿಯ ಪಕ್ಕದಲ್ಲಿ ಅಂಗಾತ ಮಲಗಿಸಿ, ಸಕ್ಕರೆ ತೆಗೆದುಕೊಂಡು, ಚಮಚವನ್ನು ಒಳಗೇ ನೆಟ್ಟು ಹೊರಟುಬಿಡುತ್ತಿದ್ದ. ಅವನ ಹಿಂದೆ ಇರುವೆಗಳು ಬರುತ್ತಿದ್ದವು. ಇರುವೆಗಳ ಹಿಂದೆ ಅವಳು ಬರುತ್ತಿದ್ದಳು.

ಸಕ್ಕರೆ ಡಬ್ಬಿಯೊಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಒದ್ದೆ ಟವೆಲ್ಲು ಹಾಸಿಗೆಯ ಮೇಲೆ, ಅದೂ ಅವಳು ಮಲಗುವ ಕಡೆ. ಬಚ್ಚಲ ನಲ್ಲಿಯನ್ನು ಅರ್ಧ ತಿರುಗಿಸಿ ಬಿಟ್ಟರೆ ಅದು ರಾತ್ರಿಯಿಡೀ ತೊಟ್ಟಿಕ್ಕಬೇಕು. ಫ್ರಿಜ್ಜಿನ ಬಾಗಿಲು ಬಾಯಿ ಬಿಟ್ಟುಕೊಂಡು ನಿಂತಿರಬೇಕು. ಬೀಗದ ಕೈ ಒಂದು ದಿನ ಅಕ್ಕಿ ಅಳೆಯುವ ಲೋಟದಲ್ಲಿ, ಇನ್ನೊಂದು ದಿನ ಹಳೆ ಚಪ್ಪಲಿಯೊಳಗೆ. ಹುಡುಕಿ ಕೊಟ್ಟರೆ "ನಾನೇ ಅಲ್ಲಿಟ್ಟಿದ್ದೆ ಕಣೆ" ಎಂದು ದೊಡ್ಡ ಸಾಧನೆ ಮಾಡಿದವನಂತೆ ನಗುವುದು ಬೇರೆ.

ಅವಳು ಉಪಾಯ ಮಾಡದೆ ಇರಲಿಲ್ಲ. ಬಾಗಿಲ ಪಕ್ಕ ಮೊಳೆ ಹೊಡೆದಳು. ಅದಕ್ಕೆ ಅವನು ಕೊಡೆ ನೇತುಹಾಕಿದ. ಒಂದು ಜೊತೆ ಬೀಗದ ಕೈ ಮಾಡಿಸಿ ಎದುರು ಮನೆಯಲ್ಲಿ ಕೊಟ್ಟಿದ್ದಳು. ಅದನ್ನೂ ತಂದು ಕಳೆದ. ಕೊನೆಗೆ ಅವಳೇ ಉಪಾಯವಾದಳು. ಅವನು ಎದ್ದುಬಂದ ಕೋಣೆಗೆ ಹೋಗಿ ದೀಪ ಆರಿಸುವುದು, ಅವನು ಬಿಟ್ಟ ನಲ್ಲಿ ನಿಲ್ಲಿಸುವುದು, ಅವನು ತೆಗೆದ ಮುಚ್ಚಳ ಹಾಕುವುದು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅದೂ ಸವೆದುಹೋಯಿತು. ಕುಂಟುವವನನ್ನು ಯಾಕೆ ಕುಂಟುತ್ತೀಯ ಎಂದು ಯಾರಾದರೂ ಬೈಯುತ್ತಾರೆಯೇ? ಇವನ ಮರೆವೂ ಹಾಗೇ, ಹುಟ್ಟಿನಿಂದ ಬಂದ ಊನ ಎಂದು ನಂಬಿಕೊಂಡಳು. ಅತ್ತೆ ಬದುಕಿದ್ದಷ್ಟು ದಿನ ಅದನ್ನೇ ಹೇಳುತ್ತಿದ್ದರು: "ಪಾಪ, ಅವನು ಚಿಕ್ಕಂದಿನಿಂದ್ಲೂ ಹಾಗೇ ಕಣಮ್ಮ. ನೀನೇ ಸ್ವಲ್ಪ ನೋಡ್ಕೊಂಡು ಹೋಗ್ಬೇಕು."

ಆತ ಕೆಟ್ಟವನೂ ಅಲ್ಲ. ಕುಡಿತವಿಲ್ಲ, ಕೈ ಎತ್ತಿದವನಲ್ಲ. ಕೆಟ್ಟವನಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಅವಳ ಪರವಾಗಿ ಒಂದು ಮಾತು ಆಡಿರುತ್ತಿದ್ದರು.

ಅವಳಿಗೂ ಒಂದು ಕಾಲದಲ್ಲಿ ಕೆಲಸವಿತ್ತು. ಸಿದ್ಧ ಉಡುಪು ಹೊಲಿಯುವ ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುವವಳು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸಿ, ಮೇಲಿನ ಪದರಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕರೆಂಟಿನ ಚಾಕುವನ್ನು ಆ ಗೆರೆಯ ಮೇಲೆ ನಡೆಸಬೇಕು. ಕೈ ಕೂದಲೆಳೆಯಷ್ಟು ಜಾರಿದರೂ ಅಷ್ಟೂ ಅಂಗಿಗಳು ಹಾಳು. ಅವಳ ಕೈ ಜಾರುತ್ತಿರಲಿಲ್ಲ. ಅಲ್ಲಿ ಎಲ್ಲರೂ ಅವಳನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿದರೆ ಅವಳಿಗೆ ಹಿಗ್ಗು.

ಮಗಳಿಗೆ ಆಗಿನ್ನೂ ನೆಟ್ಟಗೆ ಮಾತು ಬಾರದ ವಯಸ್ಸು. ಒಂದು ಸಂಜೆ ಅವನು ಒಲೆಯ ಮೇಲೆ ಹಾಲಿಟ್ಟು, ಮಗುವನ್ನು ಮಲಗಿಸಿ, ಬಾಗಿಲು ಎಳೆದುಕೊಂಡು ಕ್ಷೌರದಂಗಡಿಗೆ ಹೋದ. ಪಾತ್ರೆ ಸುಟ್ಟು, ಪಕ್ಕದ ಪರದೆಗೆ ಬೆಂಕಿ ಹತ್ತಿತು. ಮೇಲಿನ ಮನೆಯ ಮೇಷ್ಟ್ರು ಹೊಗೆ ನೋಡಿ, ಕಿಟಕಿ ಒಡೆದು ಮಗುವನ್ನು ಹೊರಗೆ ತಂದರು. ಅವಳು ಕೆಲಸ ಮುಗಿಸಿ ಬಂದಾಗ ಮಗು ಅವರ ಹೆಗಲ ಮೇಲೆ ಕೆಮ್ಮುತ್ತಿತ್ತು. ಅವನು ಮೆಟ್ಟಿಲ ಮೇಲೆ ಕುಸಿದು, ಅರ್ಧ ಕ್ಷೌರವಾದ ತಲೆ ಹಿಡಿದುಕೊಂಡು, "ಮರ್ತುಹೋಯ್ತು, ಮರ್ತುಹೋಯ್ತು" ಎಂದು ಗೋಳೋ ಎಂದು ಅಳುತ್ತಿದ್ದ. ಅವನನ್ನು ಸಮಾಧಾನ ಮಾಡಿದವಳೂ ಅವಳೇ. ಮರುದಿನವೇ ಕೆಲಸ ಬಿಟ್ಟಳು.

ಈಗ ಆ ಮಗಳು ಬೇರೆ ಊರಿನಲ್ಲಿ ನರ್ಸಾಗಿದ್ದಾಳೆ. ಶೆಡ್ಡಿನ ಹಳೆಯ ಮಾಲೀಕರು ತೀರಿಕೊಂಡು ಅವರ ಮಗಳು ವ್ಯವಹಾರ ನೋಡಿಕೊಳ್ಳುತ್ತಿದ್ದಾಳೆ. ಮಂಗಳವಾರ ಸಂಜೆ ಆ ಹುಡುಗಿಯ ಫೋನು ಬಂತು.

"ಅಕ್ಕಾ, ನಮ್ಮ ಕಟಿಂಗ್ ಮಾಸ್ಟರ್ ಬಿಟ್ಟು ಹೋದ್ರು. ಶುಕ್ರವಾರದಿಂದ ಶಾಲೆ ಯೂನಿಫಾರ್ಮ್ ಆರ್ಡರ್ ಶುರು. ಅಪ್ಪ ಯಾವಾಗ್ಲೂ, ಕೈ ಅಂದ್ರೆ ನಿಮ್ದು ಅಂತಿದ್ರು. ಮೇಜು ನಿಮಗೇ ಇಟ್ಟಿದೀನಿ. ಗುರುವಾರ ಮಧ್ಯಾಹ್ನದೊಳಗೆ ಹೂಂ ಅಥವಾ ಉಹೂಂ, ಒಂದು ಹೇಳಿಬಿಡಿ. ಇನ್ನೊಬ್ಬರು ಕಾಯ್ತಿದಾರೆ."

ಅವಳ ಬೆರಳುಗಳು ತಮ್ಮಷ್ಟಕ್ಕೆ ಸೀಮೆಸುಣ್ಣ ಹಿಡಿದಂತೆ ಮಡಚಿಕೊಂಡವು. ಇಷ್ಟು ವರ್ಷ ಆ ಮೇಜನ್ನು ಮರೆತಿದ್ದೇನೆ ಎಂದುಕೊಂಡಿದ್ದಳು. ಮರೆತಿರಲಿಲ್ಲ.

ಗಂಡನಿಗೆ ಹೇಳಿದಳು. ಅವನು ಟೀವಿಯಿಂದ ಕಣ್ಣು ಕೀಳದೆ, "ಹೋಗು. ನಾನೇನು ಬೇಡ ಅಂದ್ನಾ?" ಅಂದ.

ಬುಧವಾರ ಅವನಿಗೆ ವಾರದ ರಜೆ. ಅವಳು ತರಕಾರಿ ತರಲು ಹೋಗಿ ಬರುವಷ್ಟರಲ್ಲಿ ಬಚ್ಚಲ ನಲ್ಲಿಯನ್ನು ಹಾಗೇ ಬಿಟ್ಟು ಮಲಗಿದ್ದ. ಮೇಲಿನ ಟ್ಯಾಂಕು ಖಾಲಿಯಾಗಿ, ನೀರು ಬಚ್ಚಲಿನಿಂದ ಹಜಾರಕ್ಕೆ ಬಂದು, ಅವನ ಮಂಚದ ಕಾಲು ತೊಳೆಯುತ್ತಿತ್ತು. ಅವಳು ನೆಲ ಒರೆಸುತ್ತ ತೀರ್ಮಾನ ಮಾಡಿದಳು. ಆಗದು. ಇವನನ್ನು ನಂಬಿ ಮನೆ ಬಿಟ್ಟು ಹೋದರೆ ಒಂದು ದಿನ ತಿರುಗಿ ಬರಲು ಮನೆಯೇ ಇರುವುದಿಲ್ಲ.

ಆದರೆ "ಉಹೂಂ" ಅನ್ನುವುದು ಅಷ್ಟು ಸುಲಭವಾಗಿ ಬಾಯಿಗೆ ಬರಲಿಲ್ಲ. ಗುರುವಾರ ಬೆಳಿಗ್ಗೆ ಪಾತ್ರೆ ತೊಳೆದಾದ ಮೇಲೆ ಫೋನ್ ಮಾಡೋಣ ಎಂದುಕೊಂಡಳು. ತೊಳೆದಾಯಿತು. ಬಟ್ಟೆ ಒಣಗಿಸಿದ ಮೇಲೆ ಎಂದುಕೊಂಡಳು. ಅದೂ ಆಯಿತು. ಆಗ ಚಪ್ಪಲಿ ಗೂಡಿನ ಮೇಲೆ ಅವನ ಊಟದ ಡಬ್ಬಿ ಕುಳಿತಿರುವುದು ಕಣ್ಣಿಗೆ ಬಿತ್ತು. ಎಂದಿನಂತೆ ಮರೆತು ಹೋಗಿದ್ದ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಅವನಿಗೆ ಹೊಟ್ಟೆಯಲ್ಲಿ ಉರಿ. ಡಬ್ಬಿ ಎತ್ತಿಕೊಂಡು ಬಸ್ಸಿಗೆ ಓಡಿದಳು. ಫೋನು ಅಡುಗೆಮನೆಯ ಕಟ್ಟೆಯ ಮೇಲೇ ಉಳಿಯಿತು ಎನ್ನುವುದು ಗೊತ್ತಾದಾಗ ಬಸ್ಸು ಹೊರಟಾಗಿತ್ತು. ಇರಲಿ, ಗೇಟಿನಲ್ಲಿ ಡಬ್ಬಿ ಕೊಟ್ಟು ಅದೇ ಬಸ್ಸಿಗೆ ವಾಪಸು ಬಂದರಾಯಿತು.

ಅವನಿದ್ದದ್ದು ಸಣ್ಣ ವಿಮಾನಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ, ಹತ್ಯಾರುಗಳ ಕೋಣೆ ನೋಡಿಕೊಳ್ಳುವವನಾಗಿ. ಇಷ್ಟು ವರ್ಷ ಡಬ್ಬಿ ತಂದರೂ ಅವಳು ಗೇಟು ದಾಟಿದವಳಲ್ಲ. ಅವತ್ತು ಕಾವಲಿನವನು ಕೈ ಆಡಿಸಿದ. "ಈಗ ಇಲ್ಲಿ ಡಬ್ಬಿ ಇಟ್ಕೊಳ್ಳೋ ಹಾಗಿಲ್ಲಮ್ಮ, ಹೊಸ ರೂಲ್ಸು. ಒಳಗೆ ಕೂತಿರಿ, ಅವರೇ ಬಂದು ತಗೊಳ್ತಾರೆ." ಅವಳನ್ನು ಒಂದು ಬೆಂಚಿನವರೆಗೆ ಕರೆದುಕೊಂಡು ಹೋದ. ಬೆಂಚಿನ ಎದುರು ದಪ್ಪ ಗಾಜು. ಗಾಜಿನಾಚೆ ಅವಳ ಗಂಡ.

"ಊಟದ ಬಿಡುವಿನ ತನಕ ಅವರು ಹೊರಗೆ ಬರಲ್ಲ. ಬಂಗಾರದಂಥ ಮನುಷ್ಯ ಬಿಡಿ, ಆದ್ರೆ ಇಲ್ಲಿ ಎಲ್ರಿಗೂ ಅವರನ್ನ ಕಂಡ್ರೆ ನಡುಕ," ಎಂದ ಕಾವಲಿನವನು. "ಒಂದ್ಸಲ ಒಂದು ಚಿಕ್ಕ ಸ್ಪ್ಯಾನರ್ ಕಾಣ್ಲಿಲ್ಲ ಅಂತ ಶಿಫ್ಟ್ ಮುಗಿದ್ರೂ ಒಬ್ಬರನ್ನೂ ಮನೆಗೆ ಬಿಡ್ಲಿಲ್ಲ. ದೊಡ್ಡ ಸಾಹೇಬ್ರು ಬಂದು, ಹೋಗ್ಲಿ ಬಿಡಪ್ಪಾ ಅಂದ್ರೂ ಉಹೂಂ. ಕೊನೆಗೆ ರೆಕ್ಕೆ ಒಳಗೆ ಸಿಕ್ತು. ಮರೆವು ಅನ್ನೋದು ಅವರ ಹತ್ರ ಸುಳಿಯಲ್ಲಮ್ಮ."

ಈ ಮನುಷ್ಯ ಬೇರೆ ಯಾರದೋ ಗಂಡನ ವಿಷಯ ಹೇಳುತ್ತಿದ್ದಾನೆ ಎಂದು ಅವಳಿಗೆ ನಗು ಬಂತು. ಹಾಗೇ ಗಾಜಿನೊಳಗೆ ನೋಡಿದಳು. ಗೋಡೆಯ ತುಂಬ ಹಲಗೆಗಳು. ಹಲಗೆಗಳ ಮೇಲೆ ಪ್ರತಿ ಹತ್ಯಾರಿನ ಹಿಂದೆಯೂ ಅದರದೇ ಆಕಾರದಲ್ಲಿ ಕೆಂಪು ಬಣ್ಣ. ಹತ್ಯಾರು ಅಲ್ಲಿದ್ದರೆ ಕೆಂಪು ಕಾಣುವುದಿಲ್ಲ, ತೆಗೆದರೆ ಕಾಣುತ್ತದೆ. ಯಾರೋ ಬಂದು ಒಂದು ಇಕ್ಕಳ ವಾಪಸು ಕೊಟ್ಟರು. ಅವನು ಅದನ್ನು ಒರೆಸಿ, ತಿರುಗಿಸಿ ನೋಡಿ, ಕೆಂಪಿನ ಮೇಲೆ ಕೂರಿಸಿದ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೊಮ್ಮೆ ನೋಡಿದ.

ಆಮೇಲೆ ಗ್ರೀಸಿನ ಡಬ್ಬಿ ತೆಗೆದ. ಬಂದವರಿಗೆ ಬೇಕಾದಷ್ಟು ಗ್ರೀಸು ಕೊಟ್ಟು, ಮುಚ್ಚಳ ಹಾಕಿದ. ಹಾಕಿ ಸುಮ್ಮನಾಗಲಿಲ್ಲ. ಎರಡೂ ಹೆಬ್ಬೆರಳಿನಿಂದ ಅಂಚನ್ನು ಸುತ್ತಲೂ ಒತ್ತಿಕೊಂಡು ಬಂದ. ಡಬ್ಬಿಯನ್ನು ತಲೆಕೆಳಗು ಮಾಡಿ ನೋಡಿದ. ಬಟ್ಟೆಯಿಂದ ಒರೆಸಿದ. ಆ ಬಟ್ಟೆಯನ್ನು ಮಡಚಿ, ಕೊಕ್ಕೆಗೆ ನೇತುಹಾಕಿ, ಅಂಚು ಸರಿಮಾಡಿದ.

ಅವಳಿಗೆ ನಗು ನಿಂತುಹೋಯಿತು. ಆ ಹೆಬ್ಬೆರಳುಗಳನ್ನೇ ನೋಡುತ್ತ ಕುಳಿತಳು. ಅವು ಅವಳಿಗೆ ಗೊತ್ತಿದ್ದ ಹೆಬ್ಬೆರಳುಗಳೇ, ಎಡಗೈಯದರ ಉಗುರು ಸೀಳಿದ್ದು ಸಹ ಹಾಗೇ ಇತ್ತು. ಊನ ಎಲ್ಲಿತ್ತು? ಯಾವ ಊನಕ್ಕೆ ಇಷ್ಟು ವರ್ಷ ಅವಳು ಊರುಗೋಲಾಗಿದ್ದಳು?

ಬಿಡುವಿಗೆ ಗಂಟೆ ಹೊಡೆದ ಮೇಲೆ ಅವನು ಹೊರಗೆ ಬಂದ. "ಓ, ಡಬ್ಬಿ! ಮರ್ತೇಬಿಟ್ಟಿದ್ದೆ ನೋಡು," ಎಂದು ಅದೇ ನಗು ನಕ್ಕ. ಅವಳು ಡಬ್ಬಿ ಕೊಟ್ಟು ಎದ್ದಳು.

ವಾಪಸು ಬರುವ ಬಸ್ಸಿನಲ್ಲಿ ಅವಳೊಳಗೆ ಏನೋ ಬಿಚ್ಚಿಕೊಂಡಿತು. ಸಿಟ್ಟು ಬಂತು, ಹಿಂದೆಯೇ ಖುಷಿಯೂ ಬಂತು. ಅವನಿಗೆ ಆಗುತ್ತದೆ! ಅವನಿಗೆ ಎಲ್ಲ ಆಗುತ್ತದೆ. ಹಾಗಾದರೆ ನಾನು ಹೋಗಬಹುದು. ಮನೆ ಹೊಕ್ಕವಳು ಚಪ್ಪಲಿಯನ್ನೂ ಕಳಚದೆ ಫೋನಿಗೆ ಓಡಿದಳು. ಆ ಹುಡುಗಿ ಮತ್ತೆ ಮತ್ತೆ ಕರೆ ಮಾಡಿದ್ದಳು. ಮಧ್ಯಾಹ್ನ ಕಳೆದು ಬಿಸಿಲು ಆಗಲೇ ಕಿಟಕಿಯಿಂದ ಇಳಿದಿತ್ತು.

"ನಾನು ಬರ್ತೀನಮ್ಮ. ಹೂಂ ಅಂತ ಹೇಳೋಕೆ ಫೋನ್ ಮಾಡ್ದೆ," ಅಂದಳು, ಏದುಸಿರು ಬಿಡುತ್ತ.

"ಅಯ್ಯೋ ಅಕ್ಕಾ, ಎಷ್ಟು ಸಲ ಮಾಡ್ದೆ! ಇನ್ನೊಬ್ರು ಎದುರಿಗೇ ಕೂತಿದ್ರು. ಈಗಷ್ಟೇ ಮಾತು ಕೊಟ್ಬಿಟ್ಟೆ. ನಿಮಗೆ ಎಲ್ಲೋ ಮರ್ತೇಹೋಯ್ತು ಅಂದ್ಕೊಂಡೆ."

"ಇಲ್ಲಮ್ಮ..." ಅಂದಳು. ಗಂಡನ ಊಟದ ಡಬ್ಬಿ ಕೊಡಲು ಹೋಗಿದ್ದೆ ಎಂದು ಹೇಳಲು ನಾಚಿಕೆಯಾಯಿತು. "ಹೋಗ್ಲಿ ಬಿಡು, ಒಳ್ಳೇದಾಗ್ಲಿ," ಎಂದು ಫೋನ್ ಇಟ್ಟಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. ಅಳು ನಿಂತ ಮೇಲೆ ಎದ್ದು ಅಭ್ಯಾಸಬಲದಿಂದ ಸಕ್ಕರೆ ಡಬ್ಬಿಗೆ ಮುಚ್ಚಳ ಹಾಕಿದಳು.

ಸಂಜೆ ಅವನು ಬಂದ. ಟವೆಲ್ಲು ಹಾಸಿಗೆಯ ಮೇಲೆ ಬಿತ್ತು. ಅವನೇ ಟೀ ಮಾಡಿಕೊಳ್ಳುತ್ತೇನೆಂದು ಒಲೆ ಹಚ್ಚಿ, ಹಾಲಿನ ಪಾತ್ರೆಯನ್ನು ಅವಳು ಮುಚ್ಚಿಟ್ಟಿದ್ದ ಮುಚ್ಚಳದ ಸಮೇತ ಇಟ್ಟ. ಅವಳು ಅಡುಗೆಮನೆಯ ಮೂಲೆಯಲ್ಲಿ ಬೀನ್ಸು ಬಿಡಿಸುತ್ತ ಕುಳಿತಿದ್ದಳು.

"ರೀ, ಅಲ್ಲಿ ಒಂದು ಸ್ಕ್ರೂ ಸಹ ಮರೆಯಲ್ವಂತೆ ನೀವು," ಅಂದಳು. "ಮನೇಲಿ ಯಾಕೆ ಹೀಗೆ?"

ಅವನಿಗೆ ಅದೊಂದು ಪ್ರಶ್ನೆ ಅನ್ನಿಸಲೇ ಇಲ್ಲ. "ಅಲ್ಲಿ ಏನಾದ್ರೂ ಬಿಟ್ರೆ ವಿಮಾನ ಬೀಳುತ್ತೆ ಕಣೆ. ಇಲ್ಲಿ ಏನು ಬೀಳುತ್ತೆ? ಇಲ್ಲಿ ನೀನಿದೀಯಲ್ಲ," ಎಂದು ಕಿವಿಯೊಳಗೆ ಬೆರಳಾಡಿಸಿಕೊಂಡ. ಅವನ ಮಟ್ಟಿಗೆ ಅದು ಹೊಗಳಿಕೆಯಾಗಿತ್ತು.

ಅವಳ ಕೈ ನಿಂತಿತು. "ಮತ್ತೆ ಅವತ್ತು? ಮಗು ಮಲಗಿತ್ತಲ್ಲ, ಹಾಲಿಟ್ಟು ಹೋಗಿದ್ರಲ್ಲ, ಅವತ್ತು?"

"ಅವತ್ತಾ? ನಿನ್ನ ಶಿಫ್ಟ್ ಮುಗಿಯೋ ಹೊತ್ತಾಗಿತ್ತು. ಇನ್ನೇನು ಬರ್ತೀಯ, ಬಂದು ಒಲೆ ಆರಿಸ್ತೀಯ ಅಂತ ಹೊರಟೆ. ನೀನೇ ಅವತ್ತು ಲೇಟು ಮಾಡ್ದೆ."

ಅಷ್ಟು ಹೇಳಿ ಹಜಾರಕ್ಕೆ ಹೋಗಿ ಟೀವಿ ಹಾಕಿದ.

ಅವತ್ತು ಅವಳು ತಡವಾಗಿ ಬಂದದ್ದು ನಿಜ. ಚಾಕು ಬಟ್ಟೆಯೊಳಗೆ ಹೋಗಿತ್ತು, ಗೆರೆ ಮುಗಿಯುವ ಮುಂಚೆ ಬಿಟ್ಟು ಬರುವಂತಿರಲಿಲ್ಲ. ಆದರೆ ಅವನು ಮರೆತಿರಲಿಲ್ಲ. ಒಲೆ ಉರಿಯುತ್ತಿದೆ ಎಂದು ಗೊತ್ತಿದ್ದೇ ಬಾಗಿಲು ಎಳೆದುಕೊಂಡಿದ್ದ. ಮೆಟ್ಟಿಲ ಮೇಲೆ ಕುಳಿತು ಅತ್ತದ್ದು, ಅವಳು ಅವನ ತಲೆ ನೇವರಿಸಿದ್ದು, ಮರುದಿನ ಶೆಡ್ಡಿಗೆ ಹೋಗಿ ಸೀಮೆಸುಣ್ಣ ವಾಪಸು ಕೊಟ್ಟು ಬಂದದ್ದು, ಎಲ್ಲ ಒಂದು ಸುಳ್ಳಿನ ಮೇಲೆ. ಅದೂ ಅವನಿಗೆ ಸುಳ್ಳು ಎಂದೇ ಅನ್ನಿಸದ ಸುಳ್ಳು.

ಹಾಲು ಮುಚ್ಚಳದ ಅಂಚಿನಲ್ಲಿ ನೊರೆಗಟ್ಟಿತು. ಅವಳ ಕಾಲು ಎಂದಿನಂತೆ ಏಳಲು ಹೊರಟಿತು. ಅವಳು ಎರಡೂ ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿದು ಕುಳಿತಳು. ಹಾಲು ಮೇಲೆದ್ದಿತು, ಮುಚ್ಚಳವನ್ನು ತಳ್ಳಿತು, ಮುಚ್ಚಳ ಠಣ್ಣೆಂದು ನೆಲಕ್ಕೆ ಬಿತ್ತು. ಹಾಲು ಒಲೆಯ ಮೇಲೆ ಹರಿದು ಕಪ್ಪಾಗತೊಡಗಿತು. ಜ್ವಾಲೆ ಚಟಚಟ ಎಂದು ಹಳದಿಗೆ ತಿರುಗಿತು.

"ಏನೋ ಸೀಯ್ತಾ ಇದೆ, ನೋಡೇ!" ಹಜಾರದಿಂದ ಕೂಗಿದ.

ಅವಳು ಅಲ್ಲಾಡಲಿಲ್ಲ. ಇನ್ನೂ ಒಂದು ಸಲ ಕೂಗಿದ. ಕೊನೆಗೆ ತಾನೇ ಎದ್ದು ಓಡಿ ಬಂದ, ಬಗ್ಗಿ ಒಲೆ ಆರಿಸಿದ, ಕಿಟಕಿ ತೆರೆದ. ಆಗ ಮೂಲೆಯಲ್ಲಿ ಅವಳನ್ನು ಕಂಡ.

"ಇಲ್ಲೇ ಕೂತಿದೀಯ! ಕಣ್ಣೆದುರಿಗೆ ಉಕ್ಕಿ ಹರೀತಿದೆ, ಆರಿಸ್ಬಾರ್ದಾ? ಇತ್ತೀಚೆಗೆ ನಿಂಗೂ ಮರೆವು ಶುರುವಾಯ್ತು."

"ಮರೆತಿಲ್ಲ," ಅಂದಳು. "ಚೆನ್ನಾಗಿ ನೆನಪಿತ್ತು."

ಅವನು ನೆಲದಿಂದ ಮುಚ್ಚಳವನ್ನು ಎತ್ತಿಕೊಂಡ. ಅದನ್ನು ಎಲ್ಲಿಡಬೇಕೆಂದು ಅವಳ ಮುಖ ನೋಡಿದ. ಅವಳು ಮತ್ತೊಂದು ಬೀನ್ಸು ಎತ್ತಿಕೊಂಡು ಬಿಡಿಸತೊಡಗಿದಳು.