ಊದಿದ ಉಸಿರು

ನನ್ನ ಮನೆಗೆ ಯಾರು ಬರಬೇಕು, ಯಾರು ಹೊಸ್ತಿಲಾಚೆಯೇ ನಿಂತು ಮಾತಾಡಿ ಹೋಗಬೇಕು ಎನ್ನುವುದನ್ನು ಆ ತಿಂಗಳು ನಾನೊಬ್ಬಳೇ ತೀರ್ಮಾನಿಸುತ್ತಿದ್ದೆ. ಓಣಿಯವರು ನನಗೆ ಚೆಕ್‌ಪೋಸ್ಟ್ ಖಾತೂನ್ ಎಂದು ಹೆಸರಿಟ್ಟಿದ್ದರು. ಬಳ್ಳಾರಿಯ ರಸ್ತೆಗಳಲ್ಲಿ ಅದಿರು ಲಾರಿಗಳು ಯಾರ ಮಾತನ್ನೂ ಕೇಳದೆ ಓಡುತ್ತಿದ್ದ ಕಾಲ ಅದು. ನನ್ನ ಬಾಗಿಲಲ್ಲಿ ಮಾತ್ರ ಎಲ್ಲರೂ ನಿಲ್ಲಲೇಬೇಕಿತ್ತು.

ಕಾರಣ ಒಳಗಿನ ಕೋಣೆಯಲ್ಲಿತ್ತು. ನನ್ನ ಬಸುರಿ ಮಗಳು ನಿಶಾತ್‌ಗೆ ಏಳು ತಿಂಗಳು. ಇದಕ್ಕೆ ಮುಂಚಿನ ಎರಡು ಬಸಿರು ಮೂರನೇ ತಿಂಗಳು ದಾಟದೆ ಹೋಗಿದ್ದವು. ಈ ಸಲ ಏಳು ಬೀಳುತ್ತಲೇ ನಾನು ಸಿರುಗುಪ್ಪಕ್ಕೆ ಹೋಗಿ, ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಅಳಿಯ ಅಶ್ಫಾಕ್‌ನನ್ನು ಒಪ್ಪಿಸಿ ಕರೆತಂದಿದ್ದೆ. ಶಬೆ ಬರಾತ್ ಹಬ್ಬ ಮುಗಿದ ವಾರ ಅದು. ಬಂದ ಮೂರನೇ ದಿನಕ್ಕೆ ಟೀವಿಯ ತುಂಬ ಹಂದಿ ಜ್ವರದ ಸುದ್ದಿ. ಪುಣೆಯಲ್ಲಿ ಜನ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. ಬಸುರಿಯರಿಗೆ ಅಪಾಯ ಹೆಚ್ಚು ಎಂದು ಯಾರೋ ಡಾಕ್ಟರು ಹೇಳಿದ್ದೇ ತಡ, ಎದ್ದು ಟೀವಿ ಆರಿಸಿದೆ. ಆ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ.

ಅವತ್ತಿನಿಂದ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಬಾಗಿಲಲ್ಲಿ ಬಕೆಟ್ಟು, ಸೋಪು ಇಟ್ಟೆ. ನಾನು ಮನೆಯಲ್ಲೇ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವವಳು. ಜೇಬಿನ ಒಳಗೆ ಹಾಕುವ ಬಿಳಿ ಬಟ್ಟೆಯನ್ನೇ ಎರಡು ಪದರ ಮಾಡಿ ಮಾಸ್ಕ್ ಹೊಲಿದೆ. ಮನೆಯವರಿಗೆ, ಹಾಲಿನವನಿಗೆ, ನಳದ ಹತ್ತಿರ ಸಿಕ್ಕವರಿಗೆಲ್ಲ ಕೊಟ್ಟೆ. ನಾನು ಮಾತ್ರ ಹಾಕಿಕೊಳ್ಳಲಿಲ್ಲ. ಕಾವಲು ಕಾಯುವವಳಿಗೆ ಯಾಕೆ ಮಾಸ್ಕ್ ಎಂದುಕೊಂಡಿದ್ದೆನೋ ಏನೋ. ಮಗಳಿಗೆ ಬೆಳಿಗ್ಗೆ ಮೆಣಸಿನ ಕಷಾಯ, ಮಧ್ಯಾಹ್ನ ಬೆಳ್ಳುಳ್ಳಿ ಸಾರು, ಸಂಜೆ ಕಾಲು ಸೂಪು. ಪಾಪ, ಅವಳು ಮೂಗು ಮುರಿದುಕೊಂಡೇ ಎಲ್ಲವನ್ನೂ ಕುಡಿದಳು.

ಮೊದಲು ಹೊರಗೆ ಹಾಕಿದ್ದು ನನ್ನ ಗಂಡ ದಸ್ತಗೀರಸಾಬರನ್ನು. ಅವರು ಸಂಡೂರಿನ ಕಡೆಯಿಂದ ಅದಿರಿನ ಟಿಪ್ಪರ್ ಓಡಿಸುತ್ತಿದ್ದರು. ಮನೆಗೆ ಬಂದರೆ ಹುಬ್ಬಿನಿಂದ ಹಿಮ್ಮಡಿವರೆಗೆ ಕೆಂಪು. ಜೊತೆಗೆ ಕೆಮ್ಮು.

"ನೀವು ಹೆರಿಗಿ ಆಗೋಮಟ ಲಾರಿ ಶೆಡ್ಡಿನ್ಯಾಗ ಮಲಕ್ಕೊಳ್ರಿ," ಎಂದೆ.

"ಲೇ ಖಾತೂನ್, ಇದು ಧೂಳಿನ ಕೆಮ್ಮು. ಊರಿಗೆ ಊರೇ ಕೆಮ್ಮಾಕತ್ತೈತಿ."

"ಊರು ನನ್ನ ಮನ್ಯಾಗ ಮಲಗಂಗಿಲ್ಲಲ್ಲ."

ಅವರು ಜಗಳಗಂಟರಲ್ಲ. ಚಾದರ ಸುತ್ತಿಕೊಂಡು ಹೋದರು. ಊಟದ ಡಬ್ಬಿಯನ್ನು ಕಟ್ಟೆಯ ಮೇಲೆ ಇಡುತ್ತಿದ್ದೆ, ಒಯ್ಯುತ್ತಿದ್ದರು. ಅವರ ಬಟ್ಟೆ ಮಾತ್ರ ಹಿತ್ತಲಲ್ಲಿ ನಾನೇ ಒಗೆಯುತ್ತಿದ್ದೆ.

ಎರಡನೆಯವಳು ಪಕ್ಕದ ಮನೆಯ ಚೈತ್ರಾ. ನನ್ನ ಗೆಳತಿ ಗಾದೆಮ್ಮನ ಸೊಸೆ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ನಿಶಾತ್‌ನ ಬಿಪಿ ನೋಡಲು ದಿನಾ ಬರುತ್ತಿದ್ದವಳು. ದಿನವಿಡೀ ಜ್ವರದವರ ನಡುವೆ ಇರುವವಳನ್ನು ಒಳಗೆ ಬಿಡುವುದು ಹೇಗೆ? ಬರಬೇಡ ಎಂದು ಅವಳ ಮುಖಕ್ಕೇ ಹೇಳಿಬಿಟ್ಟೆ. ಅವಳು ಬೇಜಾರು ಮಾಡಿಕೊಂಡಳು, ಆದರೂ ಹಿತ್ತಲ ಗೋಡೆಯ ಆಚೆ ನಿಂತು ದಿನಾ ಕೇಳುತ್ತಿದ್ದಳು: "ಖಾತೂನಮ್ಮ, ಕೂಸು ಒದ್ಯಾಕತ್ತೈತಾ?"

ಇಷ್ಟಾದರೂ ಸಮಾಧಾನವಿಲ್ಲ. ಕುರುಗೋಡಿನಲ್ಲಿ ವಿರೂಪಾಕ್ಷಪ್ಪ ಎನ್ನುವ ಹಿರಿಯರು ಅಮೃತಬಳ್ಳಿ ಕಷಾಯ ಕಾಯಿಸಿ ಬಂದವರಿಗೆಲ್ಲ ಪುಕ್ಕಟೆ ಕೊಡುತ್ತಾರೆ, ಅದನ್ನು ಕುಡಿದವರ ಹತ್ತಿರ ಜ್ವರ ಸುಳಿಯುವುದಿಲ್ಲ ಎಂದು ನಳದ ಹತ್ತಿರ ಮಾತು ಬಂತು. ಗಾದೆಮ್ಮನನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದೆ. ಅಲ್ಲಿ ನೋಡಿದರೆ ಬೇವಿನ ಮರದ ಕೆಳಗೆ ಜಾತ್ರೆಯಷ್ಟು ಜನ. ಅರ್ಧ ಜನ ಕೆಮ್ಮುತ್ತಿದ್ದಾರೆ, ಉಳಿದವರು ಮೂಗು ಒರೆಸುತ್ತಿದ್ದಾರೆ. ಹಂಡೆಯ ಪಕ್ಕ ಸರಪಳಿ ಕಟ್ಟಿದ ಸ್ಟೀಲ್ ಲೋಟ ಒಂದೇ ಒಂದು. ಒಬ್ಬರು ಕುಡಿದು ಇನ್ನೊಬ್ಬರ ಕೈಗೆ ಕೊಡುತ್ತಿದ್ದರು.

ಗಾದೆಮ್ಮ ಸೆರಗು ಬಾಯಿಗೆ ಹಿಡಿದಳು. "ನಾ ಒಲ್ಲೆವ್ವ. ಎಷ್ಟು ಮಂದಿ ಎಂಜಲೋ ಏನೋ."

"ಔಷಧಕ್ಕ ಎಂತಾ ಎಂಜಲ? ನೀ ಸುಮ್ನಿರು," ಎಂದು ನಾನು ಎರಡು ಲೋಟ ಕುಡಿದೆ. ಒಂದು ನನ್ನ ಪಾಲು, ಒಂದು ಮಗಳ ಪಾಲು. ಇವತ್ತಿಗೂ ಆ ಲೋಟದ ಅಂಚು ಕಣ್ಣ ಮುಂದೆ ಬಂದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡು ದಿನ ಬಿಟ್ಟು ಕೆಮ್ಮು ಬಂತು. ಗಂಡನ ಬಟ್ಟೆ ಕುಕ್ಕಿ ಕುಕ್ಕಿ ಒಗೆದಾಗ ಕೆಂಪು ಧೂಳು ಗಂಟಲಿಗೆ ಹೋಗಿದೆ ಎಂದುಕೊಂಡೆ. ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಕೆಮ್ಮಿಗೆ ಯಾರೂ ಬೇರೆ ಕಾರಣ ಹುಡುಕುತ್ತಿರಲಿಲ್ಲ. ಗಂಡ ಧೂಳು ಎಂದಾಗ ನಂಬದ ನಾನು, ನನ್ನ ಕೆಮ್ಮಿಗೆ ಮಾತ್ರ ಧೂಳನ್ನೇ ನಂಬಿದೆ. ಮೈ ಬಿಸಿಯಾಯಿತು. ಮೂರು ಹೊತ್ತು ಒಲೆಯ ಮುಂದೆ ಕಷಾಯ ಕಾಯಿಸುವವಳ ಮೈ ಬಿಸಿಯಾಗದೆ ಇರುತ್ತದೆಯೇ?

ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಮಕ್ಕಳಿಗೆ, ಬಸುರಿಯರಿಗೆ, ಕಾಯಿಲೆಯವರಿಗೆ ದುವಾ ಓದಿ ಊದುತ್ತೇವೆ. ದಮ್ ಮಾಡುವುದು ಎನ್ನುತ್ತೇವೆ. ಸಂಜೆ ಮಗ್ರಿಬ್ ನಮಾಜ್ ಮುಗಿಸಿ ಬರುವವರಿಂದ ಊದಿಸಿಕೊಳ್ಳಲು ಮಸೀದಿಯ ಮುಂದೆ ಕೂಸುಗಳನ್ನು ಎತ್ತಿಕೊಂಡು ನಿಲ್ಲುವವರಲ್ಲಿ ಗಾದೆಮ್ಮನಂಥವರೂ ಇರುತ್ತಾರೆ. ನಿಶಾತ್‌ಗೆ ಹುಟ್ಟಿದಾಗಿನಿಂದ ನಾನೇ ಊದಿದ್ದು. ಪರೀಕ್ಷೆಗೆ ಹೋಗುವಾಗ ಊದಿದೆ, ಗಂಡನ ಮನೆಗೆ ಕಳಿಸುವಾಗ ಊದಿದೆ. ಈಗ ದಿನಾ ಸಂಜೆ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕುರಾನಿನ ಆಯತುಲ್ ಕುರ್ಸಿ ಓದಿ, ಹಣೆಯ ಮೇಲೆ ಮೂರು ಸಲ, ಹೊಟ್ಟೆಯ ಮೇಲೆ ಮೂರು ಸಲ, ಕುಡಿಯುವ ನೀರಿನ ಲೋಟಕ್ಕೆ ಮೂರು ಸಲ ಊದುತ್ತಿದ್ದೆ. ಕೆಮ್ಮು ಶುರುವಾದ ಮೇಲೆ ನನಗೆ ಏನೋ ಅಪಶಕುನ ಅನ್ನಿಸಿ, ಮೂರನ್ನು ಹನ್ನೊಂದು ಮಾಡಿದೆ.

ನಾಲ್ಕನೇ ಸಂಜೆ ಓದುತ್ತಾ ಓದುತ್ತಾ ಮಧ್ಯದಲ್ಲೇ ಕೆಮ್ಮು ಒತ್ತಿಕೊಂಡು ಬಂತು. ಕಷ್ಟಪಟ್ಟು ನುಂಗಿ ಓದಿ ಮುಗಿಸಿದೆ. ಉಸಿರು ತುಂಬಿಕೊಂಡು ಅವಳ ಹಣೆಗೆ ಊದಿದೆ. ನಿಶಾತ್ ಕಣ್ಣು ಬಿಟ್ಟಳು.

"ಅಮ್ಮಿ, ನಿನ್ನ ಉಸುರು ಸುಡಾಕತ್ತೈತಿ."

"ಒಲಿ ಮುಂದಿಂದ ಎದ್ದು ಬಂದೀನಿ."

"ಒಲಿ ಹಚ್ಚೇ ಇಲ್ಲಮ್ಮಿ ಇವತ್ತು. ಮಧ್ಯಾಹ್ನದಿಂದ ನೀ ಮಲಗೇ ಇದ್ದಿ."

ಹೌದು, ಮಧ್ಯಾಹ್ನ ಗೋಡೆಗೆ ಒರಗಿದವಳು ಯಾವಾಗ ಮಲಗಿದೆನೋ ನೆನಪಿರಲಿಲ್ಲ. ಅವಳ ಮುಖ ಹಿಡಿದಿದ್ದ ನನ್ನ ಕೈಗಳು ತಾವಾಗಿಯೇ ಹಿಂದೆ ಸರಿದವು. ಹಿತ್ತಲಿಗೆ ಓಡಿ ಗೋಡೆಯ ಮೇಲಿಂದ ಕೂಗಿದೆ: "ಚೈತ್ರಾ! ಚೈತ್ರವ್ವ, ಲಗೂನ ಬಾ!"

ಬಾಗಿಲಿಗೆ ಬಂದವಳು ಮೊದಲು ಬಕೆಟ್ಟಿನಲ್ಲಿ ಕೈ ತೊಳೆದಳು, ನಾನೇ ಕೊಟ್ಟಿದ್ದ ಮಾಸ್ಕ್ ಕಟ್ಟಿಕೊಂಡಳು. ನನ್ನ ಕಂಕುಳಲ್ಲಿಟ್ಟ ಥರ್ಮಾಮೀಟರ್ ನೂರಾ ಮೂರು ತೋರಿಸಿತು.

"ಯಾವಾಗಿಂದ ಐತಿ? ಈಕಿ ಹತ್ರ ಯಾರ್ಯಾರು ಬಂದಿದ್ರು?"

"ಯಾರೂ ಬಂದಿಲ್ಲವ್ವ. ಯಾರನ್ನೂ ಬಿಟ್ಟಿಲ್ಲ. ನಾನೊಬ್ಬಾಕಿ."

"ನೀವು ಎಷ್ಟು ಹತ್ರ ಹೋಗೀರಿ?"

ನಿಶಾತ್ ಹಣೆಯ ಮುಂದೆ ಗೇಣು ಹಿಡಿದು ತೋರಿಸಿದಳು. ಆಮೇಲೆ ಅದನ್ನೂ ಅರ್ಧ ಮಾಡಿದಳು. ಚೈತ್ರಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶೆಡ್ಡಿನಿಂದ ನನ್ನ ಗಂಡನನ್ನು ಕರೆಸಿದಳು. ಬಂದವರು ಹೊರಗಿನ ನಳದಲ್ಲಿ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಮಗಳನ್ನು ಆಟೋದಲ್ಲಿ ಕೂರಿಸಿಕೊಂಡರು. ನನ್ನನ್ನು ಬೇರೆ ಆಟೋದಲ್ಲಿ ಕಳಿಸಿದರು. ಆಸ್ಪತ್ರೆಯಲ್ಲಿ ಇಬ್ಬರ ಗಂಟಲಿಂದಲೂ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು, ಮಾತ್ರೆ ಶುರು ಮಾಡಿದರು. ಮಗಳನ್ನು ಅಲ್ಲೇ ಉಳಿಸಿಕೊಂಡು, ನನ್ನನ್ನು ಮನೆಯ ಮುಂದಿನ ಕೋಣೆಯಲ್ಲಿ ಒಬ್ಬಳೇ ಇರಲು ಹೇಳಿ ಕಳಿಸಿದರು. ಮರುದಿನ ನಿಶಾತ್‌ಗೆ ಜ್ವರ ಬಂತು. ಅದರ ಮರುದಿನ ಅವಳ ಮೂಗಿಗೆ ಆಕ್ಸಿಜನ್ ಹಾಕಿದರು ಎಂದು ಗಾದೆಮ್ಮ ಕಿಟಕಿಯಾಚೆಯಿಂದ ಹೇಳಿದಳು. ಇಬ್ಬರಿಗೂ ಅದೇ ಜ್ವರ ಎಂದು ವರದಿ ಬಂತು.

ಮಾತ್ರೆ ನುಂಗಿದ ಆ ಐದು ದಿನ ಹೇಗಿದ್ದೆ ಎಂದು ಕೇಳಬೇಡಿ. ಗೋಡೆಯಿಂದ ಗೋಡೆಗೆ ಹನ್ನೆರಡು ಹೆಜ್ಜೆ. ನಡೆಯುತ್ತಿದ್ದೆ, ಕೂರುತ್ತಿದ್ದೆ, ಮತ್ತೆ ಎದ್ದು ನಡೆಯುತ್ತಿದ್ದೆ. ಯಾರೂ ಬರದ ಮನೆಗೆ ಜ್ವರ ತಂದವಳು ನಾನು. ಕಂಡವರ ಬಾಯಿಂದ ತಂದು, ಓದಿ, ಊದಿ, ಮಗಳ ಮುಖಕ್ಕೇ ಕೊಟ್ಟವಳು. ಗಂಡ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದೆ: "ಕೂಸು ಒದ್ಯಾಕತ್ತೈತೇನ್ರಿ?" ಒಂದು ದಿನ ಅವರು "ಸ್ವಲ್ಪ ಕಮ್ಮಿ ಐತಂತ," ಎಂದರು. ಅವತ್ತು ರಾತ್ರಿಯೆಲ್ಲ ಆ ಹನ್ನೆರಡು ಹೆಜ್ಜೆ ನಡೆಯುತ್ತಲೇ ಇದ್ದೆ.

ಮಾತ್ರೆ ಮುಗಿದು, ಜ್ವರ ಬಿಟ್ಟು ಎರಡು ದಿನ ಆದ ಮೇಲೆ ಚೈತ್ರಾ ನನ್ನನ್ನು ವಾರ್ಡಿನ ಹಿಂದಿನ ಕಿಟಕಿಗೆ ಕರೆದೊಯ್ದಳು. ಕೂಸಿನ ಎದೆಬಡಿತ ಸರಿ ಇದೆ, ತಾಯಿಗೆ ಇನ್ನೂ ಜ್ವರ ಇದೆ ಎಂದಳು. ಗಾಜಿನ ಆಚೆ ನನ್ನ ಮಗಳು ಸೊರಗಿ ಮಲಗಿದ್ದಳು. ನನ್ನನ್ನು ಕಂಡವಳೇ ಕಷ್ಟಪಟ್ಟು ಮಗ್ಗುಲಾದಳು. ಹೊಟ್ಟೆಯನ್ನು ಕಿಟಕಿಯ ಕಡೆಗೆ ಮಾಡಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಕಣ್ಣು ಮುಚ್ಚಿ ಕಾದಳು.

ನಾನು ಓದಿದೆ. ಒಂದಕ್ಷರ ತಪ್ಪದಂತೆ ಓದಿದೆ. ಕೊನೆಗೆ ಅಭ್ಯಾಸದಂತೆ ಉಸಿರು ಎದೆ ತುಂಬಿಕೊಂಡು ಬಂತು. ಮುಖಕ್ಕೆ ಮಾಸ್ಕ್ ಇತ್ತು, ನಡುವೆ ಗಾಜಿತ್ತು. ಆದರೂ ಅಂಗೈಯಿಂದ ಬಾಯಿ ಒತ್ತಿ ಹಿಡಿದೆ. ಅವಳು ಕಾದು ಕಾದು ಕಣ್ಣು ಬಿಟ್ಟಳು. ಊದು ಎಂದು ಗಲ್ಲ ಎತ್ತಿ ಸನ್ನೆ ಮಾಡಿದಳು. ಇಲ್ಲ ಎಂದು ತಲೆಯಾಡಿಸಿದೆ. ಕಣ್ಣೀರು ಮಾಸ್ಕಿನೊಳಗೆ ಇಳಿಯಿತು. ನಿಶಾತ್ ತನ್ನ ಎರಡೂ ಅಂಗೈ ಜೋಡಿಸಿ, ತುಟಿ ಅಲ್ಲಾಡಿಸಿ ತಾನೇ ಓದಿ, ತನ್ನ ಕೈಗೆ ತಾನೇ ಊದಿಕೊಂಡು ಹೊಟ್ಟೆಯ ಮೇಲೆ ನಿಧಾನವಾಗಿ ಸವರಿಕೊಂಡಳು. ಅವಳಿಗೆ ಅಷ್ಟು ಚೆನ್ನಾಗಿ ಓದಲು ಬರುತ್ತದೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ.

ಹನ್ನೊಂದನೇ ದಿನ ಮನೆಗೆ ಬಂದಳು. ಅಕ್ಟೋಬರ್ ಕೊನೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಶಬನಂ ಎಂದು ಹೆಸರಿಟ್ಟೆವು. ಏಳನೇ ದಿನದ ಸಂಜೆ ಮಗ್ರಿಬ್ ಆದ ಮೇಲೆ ನಿಶಾತ್ ಕೂಸನ್ನು ತಂದು ನನ್ನ ಮಡಿಲಲ್ಲಿ ಮಲಗಿಸಿದಳು.

"ಊದಮ್ಮಿ."

"ನೀನೇ ಊದು."

"ನಾ ದಿನಾ ಊದ್ತೀನಿ. ಅಜ್ಜಿದು ಒಂದು ಬೇಕಲ್ಲ ಆಕಿಗೆ?"

ಬಾಗಿಲಲ್ಲಿ ಗಂಡ, ಗಾದೆಮ್ಮ, ಚೈತ್ರಾ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಓದಿ ಮುಗಿಸಿದೆ. ಬಲಗೈ ಎತ್ತಿ ಮೊದಲು ನನ್ನ ಅಂಗೈಗೆ ಊದಿ ನೋಡಿಕೊಂಡೆ. ತಣ್ಣಗಿತ್ತು. ನಂಬಿಕೆ ಬರದೆ ಇನ್ನೊಮ್ಮೆ ಊದಿಕೊಂಡೆ. ಆಮೇಲೆ ಕೂಸಿನ ಮುಖವನ್ನು ಆ ಕಡೆಗೆ ತಿರುಗಿಸಿ, ಅದರ ಪಾದಗಳಿಗೆ ಮೂರು ಸಲ ಊದಿದೆ.