ಪಾಸ್ ಕೆಳಗಿನ ಅಕ್ಷರ

"ಏನು ಲೋರ್ನಾ, ಆ ಅಂಕಪಟ್ಟೀನ ಕಣ್ಣಲ್ಲೇ ಹುರಿದು ತಿಂತೀಯಾ ಹೇಗೆ?" ಎಂದು ಪಕ್ಕದ ಮೇಜಿನ ಗಸ್ ಕೇಳಿದ.

ಲೋರ್ನಾ ವಾಸ್ಕೊ ಹಾಳೆಯನ್ನು ಇನ್ನಷ್ಟು ಹತ್ತಿರ ಹಿಡಿದಳು. ಕ್ಲೀವ್‌ಲ್ಯಾಂಡಿನ ಆ ಬಿಸಿನೆಸ್ ಸ್ಕೂಲಿಗೆ ಬಂದ ಅರ್ಜಿಗಳನ್ನು ಓದಿ, ಯಾರನ್ನು ಒಳಗೆ ಬಿಡಬೇಕೆಂದು ಬರೆಯುವುದು ಅವಳ ಕೆಲಸ. ಈಗ ಕೈಯಲ್ಲಿದ್ದದ್ದು ಕೊರಿನ್ ಥ್ಯಾಕ್‌ಸ್ಟನ್ ಎಂಬವಳದು. ಪ್ರೊಫೆಸರ್ ಥ್ಯಾಕ್‌ಸ್ಟನ್‌ನ ಮಗಳು. ಸಂಖ್ಯಾಶಾಸ್ತ್ರದ ಎದುರು ಎ, ಬಿ ಏನೂ ಇಲ್ಲ, ಬರೀ 'ಪಾಸ್'.

ಇಪ್ಪತ್ತೆರಡು ವರ್ಷಗಳ ಹಿಂದೆ, ಕೊರಿನ್ ಓದಿದ ಅದೇ ಕಾಲೇಜಿನಲ್ಲಿ ಥ್ಯಾಕ್‌ಸ್ಟನ್ ಅವಳಿಗೆ ಹೇಳಿದ್ದ: "ಲೆಕ್ಕ ನಿನ್ನ ತಲೆಗೆ ಹತ್ತೋದಲ್ಲಮ್ಮ. ಅಂಕದ ಅಕ್ಷರ ಬೇಡ, ಬರೀ ಪಾಸ್ ಅಂತ ಬರೆಸ್ಕೊಂಡು ಮಾನ ಉಳಿಸ್ಕೋ." ಪರೀಕ್ಷೆಗೆ ಮೊದಲೇ ಹೆದರಿ ಹಾಗೆ ಬರೆಸಿಕೊಂಡಳು. ಮೇಷ್ಟರು ಕೊಟ್ಟ ಅಕ್ಷರವನ್ನು ಕಚೇರಿಯವರು ಪಾಸಿನ ಕೆಳಗೆ ಮುಚ್ಚಿಡುತ್ತಾರೆ, ಕೇಳಿದವರಿಗಷ್ಟೇ ಅದನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಅವಳು ಕೇಳುವ ಹೊತ್ತಿಗೆ ಇದೇ ಸ್ಕೂಲು 'ಲೆಕ್ಕದ ಬಲಕ್ಕೆ ಪುರಾವೆಯಿಲ್ಲ' ಎಂದು ಅವಳ ಅರ್ಜಿಗೆ ಬಾಗಿಲು ಹಾಕಿಯಾಗಿತ್ತು. ಚೀಟಿಯಲ್ಲಿದ್ದದ್ದು ಎ.

ಸ್ಕೂಲು ಅಂದು ತನಗೆ ಬರೆದಿದ್ದ ಅವೇ ಮೂರು ಮಾತುಗಳನ್ನು ಲೋರ್ನಾ ಕೊರಿನ್‌ಳ ಹಾಳೆಯ ಮೇಲೆ ದುಂಡಗೆ ಬರೆದಳು. ಸಹಿಯೊಂದು ಬಾಕಿ. ಆಮೇಲೆ ಹುಡುಗಿಯನ್ನು ಸಂದರ್ಶನಕ್ಕೆ ಕರೆದಳು. ಮುಖ ನೋಡಿಯೇ ಸಹಿ ಹಾಕಬೇಕಿತ್ತು.

"ಸಂಖ್ಯಾಶಾಸ್ತ್ರದಲ್ಲಿ ಯಾಕಮ್ಮ ಬರೀ ಪಾಸ್?"

ಕೊರಿನ್ ಉಗುರು ನೋಡಿಕೊಂಡಳು. "ಅಪ್ಪ ಹೇಳಿದ್ರು ಮೇಡಂ. ಲೆಕ್ಕ ನಿನ್ನ ತಲೆಗೆ ಹತ್ತೋದಲ್ಲ, ಮಾನ ಉಳಿಸ್ಕೋ ಅಂತ."

ಲೋರ್ನಾಳ ಪೆನ್ನು ನಿಂತಿತು. ಅದೇ ಮಾತು, ಇಷ್ಟು ವರ್ಷವಾದರೂ ಅದರ ಒಂದು ಕೂದಲೂ ನರೆತಿರಲಿಲ್ಲ.

"ಕೆಳಗಿದ್ದ ಅಕ್ಷರ ಯಾವುದು?"

"ಕೇಳೋಕೆ ಧೈರ್ಯ ಬರ್ಲಿಲ್ಲ."

ಲೋರ್ನಾ ಹಾಳೆಯನ್ನು ಮಗುಚಿಟ್ಟಳು. "ಶುಕ್ರವಾರದೊಳಗೆ ಚೀಟಿ ತಂದುಕೊಡು. ಅದಕ್ಕೂ ಮೊದಲು ನಿಮ್ಮಪ್ಪಂಗೆ ತೋರ್ಸು. ಲೋರ್ನಾ ವಾಸ್ಕೊ ಕೇಳಿದ್ಲು ಅಂತ ಹೇಳು. ಅವಳ ಪಾಸ್ ಕೆಳಗೆ ಎ ಇತ್ತು ಅಂತ್ಲೂ ಹೇಳು."

"ಅಪ್ಪ ರೇಗ್ತಾರೆ ಮೇಡಂ."

"ರೇಗ್ಲಿ. ಅದಕ್ಕೇ ಹೇಳ್ತಿರೋದು."

ಶುಕ್ರವಾರ ಮಧ್ಯಾಹ್ನ ಊರಂಚಿನ ಸರೋವರದ ಗಾಳಿ ಕಿಟಕಿ ಅಲ್ಲಾಡಿಸುತ್ತಿತ್ತು. ಗಸ್ ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟ. "ಯಾರೋ ಹುಡುಗಿ ಕೊಟ್ಟು ಹೋದ್ಲು. ಕಣ್ಣು ಕೆಂಪಗಿತ್ತು, ಆದ್ರೆ ನಗ್ತಿದ್ಲಪ್ಪ."

ಒಳಗಿದ್ದ ಚೀಟಿಯನ್ನು ಯಾರೋ ನಡುವೆ ಹರಿದಿದ್ದರು; ಇನ್ಯಾರೋ ಟೇಪು ಹಚ್ಚಿ ಕೂಡಿಸಿದ್ದರು. ಎ ಅಕ್ಷರ ಆ ಸೀಳಿನ ಎರಡೂ ಕಡೆ ಅರ್ಧರ್ಧ ಇತ್ತು.

ಮಗುಚಿಟ್ಟಿದ್ದ ಹಾಳೆಯನ್ನು ಲೋರ್ನಾ ಕಸದ ಬುಟ್ಟಿಗೆ ಹಾಕಿದಳು. ಟೇಪಿನಡಿ ಒಂದು ಗಾಳಿಗುಳ್ಳೆ ಉಳಿದಿತ್ತು. ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಅಂಚಿಗೆ ತಳ್ಳುತ್ತ ಕೂತಳು.