ಕದ ತಟ್ಟುವ ಮುದುಕಿ

ಹಸಿರು ಬೆಳಕು ಮಗುವಿನ ಮೊಣಕಾಲಿನ ಮೇಲೆ ಬಿದ್ದಿದೆ, ಅಲ್ಲಿ ಒಣಗಿದ ಗಾಯದ ಚಕ್ಕೆ, ಕೀಳಬೇಡ ಎಂದರೂ ಅರ್ಧ ಕಿತ್ತಿದ್ದಾಳೆ, ಈಗಲೂ ಬೆರಳು ಅಲ್ಲಿಯೇ — ಹೆದರಿದ್ದಾಳೋ, ಬರೀ ತುರಿಕೆಯೋ — ಶಶಿಪ್ರಭಾ ತೆರೆಯನ್ನು ನೋಡುತ್ತಲೇ ಇಲ್ಲ, ಥಿಯೇಟರಿನೊಳಗೆ ಬಂದಾಗಿನಿಂದ ನೋಡುತ್ತಿರುವುದು ಮಗಳು ಮೋಕ್ಷಾಳ ಮುಖವನ್ನು, ಆ ಪುಟ್ಟ ಕಣ್ಣಿನ ಕಪ್ಪಿನಲ್ಲಿ ಇನ್ನೂ ಪುಟ್ಟದಾಗಿ ಒಬ್ಬ ಮುದುಕಿ ತೇಲುತ್ತಿದ್ದಾಳೆ, ಉದ್ದುದ್ದ ಬೆರಳು, ಪಾಚಿಯಂಥ ಕೂದಲು, ಕಾರ್ಟೂನ್ ಅಲ್ವಾ ಮಾರಾಯ್ತಿ, ಹೆದರ್ಲಿಕ್ಕೆ ಎಂತ ಉಂಟು, ಎಂದಿದ್ದಳು ಆಸ್ಪತ್ರೆಯ ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಮೆಲಿಸಾ, ಇವತ್ತು ಅವಳ ಮಗಳ ಬರ್ತ್‌ಡೇ, ಮುಂದಿನ ಸಾಲಿನಲ್ಲಿ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ ಕಿರುಚಿ ಒಟ್ಟಿಗೆ ನಗುತ್ತಿದ್ದಾರೆ, ತನ್ನ ಮಗು ಮಾತ್ರ ಕಿರುಚುವುದೂ ಇಲ್ಲ ನಗುವುದೂ ಇಲ್ಲ, ಸುಮ್ಮನಿರುವ ಮಗುವಿಗೇ ಭಯ ಜಾಸ್ತಿ, ಬರುವಾಗ ಪಂಪ್‌ವೆಲ್ ಸರ್ಕಲ್ಲಿನಲ್ಲಿ ಬಸ್ಸು ನಿಂತೇ ಇದ್ದಾಗ ಮೊಬೈಲಿನಲ್ಲಿ ಓದಿದ್ದಳಲ್ಲ, ಒಬ್ಬ ತಾಯಿ ಬರೆದಿದ್ದಾಳೆ ತುಂಬ ಮುದ್ದಾದ ಸಿನಿಮಾ ಅಂತ, ಅದರ ಕೆಳಗೇ ಇನ್ನೊಬ್ಬಳು, ನನ್ನ ಮಗ ವಾರವಿಡೀ ಲೈಟ್ ಆರಿಸಲು ಬಿಡಲಿಲ್ಲ ಅಂತ, ಯಾರನ್ನು ನಂಬುವುದು, ಗಂಡ ಧನರಾಜನನ್ನು ಕೇಳೋಣವೆಂದರೆ ಅವನು ಮೀನಿನ ಬೋಟಿನಲ್ಲಿ, ನೆಟ್‌ವರ್ಕ್ ಸಿಗದಷ್ಟು ದೂರದಲ್ಲಿ, ಮಾವ ಲೀಲಾಧರರನ್ನು ಕೇಳಿದರೆ ಎಲೆಯಡಿಕೆ ಅಗಿಯುತ್ತ ನಗುತ್ತಾರೆ, ಚಿತ್ರ ಬಿಡಿಸಿದ ಭೂತಕ್ಕೆ ಹೆದರುದಾ, ನಮ್ಮ ಕಾಲದಲ್ಲಿ ಕೋಲದ ರಾತ್ರಿ ನಿಜದ ಭೂತವೇ ಉರಿಯುವ ದೀಟಿಗೆ ಹಿಡ್ಕೊಂಡು ಎದುರು ಬಂದು ನಿಲ್ತಿತ್ತು, ನಾವು ಅಮ್ಮನ ಮಡಿಲಲ್ಲಿ ಚರುಮುರಿ ತಿನ್ತಾ ನೋಡ್ತಿದ್ದೆವು.

ಅವರಿಗೇನು, ಹೇಳುತ್ತಾರೆ, ರಾತ್ರಿ ಏಳಬೇಕಾದವಳು ತಾನು, ಬೆಳಗಿನ ಪಾಳಿಗೆ ಕೆಂಪು ಕಣ್ಣು ಹೊತ್ತು ಹೋಗಿ ಸೂಜಿ ಹಿಡಿಯಬೇಕಾದವಳು ತಾನು, ಅತ್ತೆ ಸುಂದರಿ ತೀರಿಕೊಂಡ ಮೇಲೆ ಈ ಮಗು ನಿದ್ದೆ ಮಾಡುವುದನ್ನೇ ಬಿಟ್ಟಿತ್ತಲ್ಲ, ತಪ್ಪು ತನ್ನದೇ, ಅಜ್ಜಿ ಎಲ್ಲಿ ಎಂದಾಗ ಅಜ್ಜಿ ನಿದ್ದೆ ಹೋಗಿದ್ದಾರೆ ಎಂದುಬಿಟ್ಟಳು, ಬಾಯಿಗೆ ಬಂದದ್ದು ಅದು, ನಿದ್ದೆ ಹೋದವರನ್ನು ಹೊತ್ತುಕೊಂಡು ಹೋಗುತ್ತಾರೆ ಎಂದು ಮಗು ತಿಳಿಯದೆ ಇನ್ನೇನು ತಿಳಿದೀತು, ಕಣ್ಣು ಮುಚ್ಚಿದರೆ ಬೆಚ್ಚಿ ಕೂರುವುದು, ಅಮ್ಮ ನೀನೂ ನಿದ್ದೆ ಮಾಡ್ಬೇಡ ಎಂದು ರೆಪ್ಪೆ ಎಳೆದು ಬಿಡಿಸುವುದು, ಎಷ್ಟು ತಿಂಗಳು ಹಾಗೆ, ಈ ಸಲದ ಮಳೆಗಾಲದಲ್ಲಷ್ಟೇ ಮಲಗಿದರೆ ಬೆಳಗಿನವರೆಗೆ ಏಳದಂತಾದದ್ದು, ಚಂದ್ರನ ಆಕಾರದ ಆ ನೈಟ್ ಲ್ಯಾಂಪಿಗೆ ಪುಣ್ಯ ಬರಲಿ, ಹಾಗೆ ಕೂಡಿಟ್ಟ ನಿದ್ದೆಯನ್ನೆಲ್ಲ ಈ ಒಂದು ಸಿನಿಮಾ ಹಾಳುಮಾಡಿದರೆ — ತೆರೆಯ ಮೇಲೆ ಧಡಾರ್ ಎಂದು ಸದ್ದು, ಮುದುಕಿ ಊರಿನ ಒಂದೊಂದೇ ಮನೆಯ ಕದ ತಟ್ಟುತ್ತಿದ್ದಾಳೆ, ಒಂದೊಂದೇ ಚಿಲಕ ಬೀಳುತ್ತಿದೆ, ದೀಪ ಆರುತ್ತಿದೆ, ಯಾರೂ ತೆರೆಯುವುದಿಲ್ಲ, ಮುದುಕಿಯ ಮುಖ ಇಡೀ ತೆರೆಯಷ್ಟಾಯಿತು, ಸಾಕು, ಹೊರಗೆ ಹೋಗೋಣ, ಐಸ್‌ಕ್ರೀಮ್ ಕೊಡಿಸಿದರಾಯಿತು, ಶಶಿಪ್ರಭಾ ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡಳು, ಮೆಲಿಸಾ ಹಿಂದಕ್ಕೆ ತಿರುಗಿ ಪಿಸುಗುಟ್ಟಿದಳು, ಹೆದರಿದ್ಳಾ, ಬೇಕಾದ್ರೆ ಕರ್ಕೊಂಡು ಹೋಗು, ಕೇಕ್ ನಾನು ಇಡ್ತೇನೆ.

ಆದರೆ ಮೋಕ್ಷಾ ಅಲ್ಲಿಲ್ಲ, ಎಂದರೆ ಸೀಟಿನಲ್ಲಿದ್ದಾಳೆ, ಆಚೆಗೆ ಬಗ್ಗಿದ್ದಾಳೆ, ಜ್ವರವೆಂದು ಬಾರದ, ಅದೇ ಕ್ಲಾಸಿನ ಅಫ್ರೋಝ್‌ನ ಖಾಲಿ ಸೀಟು ಅದು, ಅದರ ಮೇಲೆ ಟಿಶ್ಯೂ ಕಾಗದವನ್ನು ಹಾಸಿ ಅಂಗೈಯಿಂದ ಸವರಿ ಸವರಿ ಸುಕ್ಕು ತೆಗೆಯುತ್ತಿದ್ದಾಳೆ, ಪಾಪ್‌ಕಾರ್ನ್ ಡಬ್ಬಿಯ ತಳಕ್ಕೆ ಬೆರಳು ಹಾಕಿ ಅಲ್ಲಿದ್ದ ಉಪ್ಪನ್ನು ಕೆರೆದು ಮೊದಲು ಒಂದು ಮೂಲೆಗೆ ಇಟ್ಟಳು, ಆಮೇಲೆ ಪಾಪ್‌ಕಾರ್ನ್, ಒಡೆಯದವನ್ನು ಆರಿಸಿ ಬಿಟ್ಟು ಚೆನ್ನಾಗಿ ಅರಳಿದವನ್ನೇ, ಎಂತ ಮಾಡ್ತಿದ್ದಿ ಮೋಕ್ಷಾ, ಶ್ಶ್, ಅವಳಿಗೆ ಹಸಿವು ಅಮ್ಮ, ಎಲ್ಲರ ಮನೆಗೆ ಹೋದ್ಳು, ಯಾರೂ ಬಡಿಸ್ಲೇ ಇಲ್ಲ, ಪೆದ್ದುಗಳು, ಇಷ್ಟು ಹೇಳಿ ಮಗು ಖಾಲಿ ಸೀಟಿಗೆ ಬೆನ್ನು ಹಾಕಿ ಕೂತಿತು, ಅಮ್ಮನ ಗಲ್ಲ ಹಿಡಿದು ಆಚೆಗೆ ತಿರುಗಿಸಿತು, ನೋಡ್ಲಿಕ್ಕಿಲ್ಲ, ನೋಡಿದ್ರೆ ತಿನ್ನುದಿಲ್ಲ ಅವ್ರು, ಅಜ್ಜ ಹೇಳಿದ್ದು — ಅಜ್ಜ, ಆಟಿಯಲ್ಲಿ, ಹೌದಲ್ಲ, ಮಳೆಗಾಲದ ಆ ಆಟಿ ತಿಂಗಳಲ್ಲಿ ಮನೆಯ ತೀರಿಹೋದವರಿಗೆ ಎಲೆ ಹಾಕುವ ದಿನ, ಒಳಗಿನ ಕೋಣೆಯಲ್ಲಿ ಕೋಳಿ, ಬಂಗುಡೆ ಗಸಿ ಎಲ್ಲ ಬಡಿಸಿ, ಕದ ಎಳೆದುಕೊಂಡು, ಅವರು ಉಂಡು ಏಳುವಷ್ಟು ಹೊತ್ತು ಎಲ್ಲರೂ ಹೊರಗೆ ಕಾಯುವುದು, ಇದೆಲ್ಲ ಮಗುವಿಗೆ ಬೇಡ, ಮತ್ತೆ ಹೆದರುತ್ತಾಳೆ, ನೆರೆಮನೆಯ ಹೆಲನ್ ಬಾಯಿಯವರಲ್ಲಿ ಬಿಟ್ಟು ಬರುತ್ತೇನೆ ಎಂದು ತಾನು ಹಟ ಹಿಡಿದರೆ ಮಾವ ಕೇಳಲಿಲ್ಲ, ಅವಳ ಅಜ್ಜಿ ಊಟಕ್ಕೆ ಬರುವಾಗ ಅವಳೇ ಇಲ್ಲದಿದ್ರೆ ಹೇಗೆ ಎಂದರು, ಮೊಮ್ಮಗಳ ಕೈಯಲ್ಲೇ ಎಲೆಯ ಎಡತುದಿಗೆ ಮೊದಲು ಉಪ್ಪು ಹಾಕಿಸಿದರು, ಜಗಲಿಯಲ್ಲಿ ಇಬ್ಬರೂ ಕದಕ್ಕೆ ಬೆನ್ನು ಹಾಕಿ ಕೂತರು, ತಾನು ಮುಖ ಊದಿಸಿಕೊಂಡು ಅಂಗಳದಲ್ಲಿ, ಆ ರಾತ್ರಿ — ಹೌದು, ಆ ರಾತ್ರಿಯೇ ಅಲ್ಲವೇ ಮಗು ಮೊದಲ ಬಾರಿ ಬೆಳಗಿನವರೆಗೆ ಮಲಗಿದ್ದು, ಲ್ಯಾಂಪು ಬಂದದ್ದು ಅದರ ಮುಂದಿನ ವಾರ, ದೇವರೇ, ನಿದ್ದೆ ಹೋದವರು ಕೂಡ ಏಳುತ್ತಾರೆ, ಉಣ್ಣುತ್ತಾರೆ, ಅಷ್ಟು ಸಾಕಾಗಿತ್ತು ಇವಳಿಗೆ, ಹೋಗುದಿಲ್ಲ, ಇಲ್ಲೇ ಇರ್ತೇವೆ ಎಂದಳು ಮೆಲಿಸಾಳಿಗೆ, ಬ್ಯಾಗು ತೊಡೆಗೆ ಇಳಿಯಿತು, ಮುಂದಿನ ಸಾಲು ಮತ್ತೆ ಕಿರುಚಿತು, ಮುದುಕಿಗೆ ಯಾರೋ ಕದ ತೆರೆದರೋ ಏನೋ, ಶಶಿಪ್ರಭಾ ತಿರುಗಲಿಲ್ಲ, ನೋಡಲಿಕ್ಕಿಲ್ಲವಲ್ಲ, ಗೋಡೆಯನ್ನೇ ನೋಡುತ್ತ ಕೂತಳು, ಬೆನ್ನಿನ ಹಿಂದೆ ಆ ಟಿಶ್ಯೂ, ಅದರ ಮೇಲೆ ಅರಳಿದ ಪಾಪ್‌ಕಾರ್ನ್, ನಾಳೆಯ ಪಾಳಿ, ಟಿಫಿನ್ ಬಾಕ್ಸು, ಇಲ್ಲ, ಆ ಟಿಶ್ಯೂ, ಸವರಿ ಸವರಿ ಹಾಸಿದ್ದು, ಮೂಲೆಯಲ್ಲಿ ಉಪ್ಪು, ಎಡದ ತುದಿಗೇ ಸರಿಯಾಗಿ, ಅಜ್ಜ ಹಾಕಿಸಿದ ಹಾಗೆಯೇ, ಉಪ್ಪು.